ಗುಡ್ಡೆ ಹತ್ತುವಾಗ ಎಲ್ಲಿ ನಿಲ್ಲುತ್ತೀರಿ?

ಹೃದಯದ ಶಸ್ತ್ರಚಿಕಿತ್ಸೆ ಎಂದ ಕೂಡಲೇ ನಿಮಗೆಲ್ಲ ನೆನಪಾಗುವುದು ಸರ್ಜನ್. ಆದರೆ ಮೇಜಿನ ಮೇಲೆ ಮಲಗುವ ಮೊದಲು ರೋಗಿಯ ಎದುರು ಕುಳಿತು ಮಾತಾಡಿಸುವವರಲ್ಲಿ ಅರಿವಳಿಕೆ ಕೊಡುವ ನಾವೂ ಇರುತ್ತೇವೆ. ಇವರ ಹೃದಯ ಮತ್ತು ಶ್ವಾಸಕೋಶ ಈ ಪೆಟ್ಟನ್ನು ತಾಳಿಕೊಂಡಾವೇ, ತಾಳಿಕೊಂಡ ಮೇಲೆ ಚೇತರಿಸಿಕೊಳ್ಳುವ ಕಸುವು ಉಳಿದೀತೇ ಎಂದು ನಾವು ಆಗ ಅಂದಾಜು ಮಾಡಬೇಕು. ಇವತ್ತು ನಾನು ಮಾತಾಡುವುದು ಆ ಅಂದಾಜಿನ ಬಗ್ಗೆ.

ನಾವು ಕಲಿತ ಪಾಠದಲ್ಲಿ ಒಂದು ಪ್ರಶ್ನೆ ಇದೆ: ಎರಡು ಮಹಡಿಯ ಮೆಟ್ಟಿಲನ್ನು ನಿಲ್ಲದೆ ಹತ್ತಬಲ್ಲಿರಾ? ನಗರದ ಆಸ್ಪತ್ರೆಯಲ್ಲಿ ಅದು ಒಳ್ಳೆಯ ಪ್ರಶ್ನೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರಿಗೆ ಅದನ್ನೇ ಕೇಳಿದರೆ ಉತ್ತರ ಸಿಗುವುದಿಲ್ಲ. ಉಪ್ಪರಿಗೆ ಇದ್ದರೂ ಅಲ್ಲಿರುವುದು ಅಡಿಕೆ ಚೀಲ, ಹಿರಿಯರು ಹತ್ತುವುದೇ ಇಲ್ಲ. ಆದರೆ ನಮ್ಮಲ್ಲಿ ಮೆಟ್ಟಿಲಿಗಿಂತ ಕಠಿಣವಾದದ್ದು ಇದೆಯಲ್ಲ! ತೋಟ ತಗ್ಗಿನಲ್ಲಿ, ಮನೆ ಮಧ್ಯದಲ್ಲಿ, ಬಸ್ ಬರುವ ರಸ್ತೆ ಗುಡ್ಡೆಯ ಮೇಲೆ. ಆದ್ದರಿಂದ ನಾನು ಕೇಳುವುದು ಬೇರೆ: ತೋಟದಿಂದ ಮನೆಗೆ ಬರುವಾಗ ಎಲ್ಲಿ ನಿಲ್ಲುತ್ತೀರಿ? ಹೋದ ವರ್ಷ ಎಲ್ಲಿ ನಿಲ್ಲುತ್ತಿದ್ದಿರಿ?

ಮುಳ್ಳೇರಿಯದ ಆಚೆಯಿಂದ ಒಬ್ಬ ಕೃಷಿಕರು ಬಂದಿದ್ದರು. 64 ವರ್ಷ. ಹೃದಯದ ಮೂರು ರಕ್ತನಾಳಗಳಲ್ಲಿ ತಡೆ, ಬೈಪಾಸ್ ಮಾಡುವುದೆಂದು ತೀರ್ಮಾನವಾಗಿತ್ತು. ನಾನು ಏನು ಕೇಳಿದರೂ ಅವರದು ಒಂದೇ ಮಾತು, "ತೊಂದರೆ ಏನೂ ಇಲ್ಲ ಡಾಕ್ಟರೇ, ದಿನಾ ತೋಟಕ್ಕೆ ಹೋಗುತ್ತೇನೆ." ಪಕ್ಕದಲ್ಲಿ ಅವರ ಹೆಂಡತಿ ಕುಳಿತಿದ್ದರು. ಗಂಡನ ಮಾತು ಮುಗಿಯಲಿ ಎಂದು ಕಾದು ಮೆಲ್ಲನೆ ಹೇಳಿದರು: "ಹೋಗುತ್ತಾರೆ. ಆದರೆ ಈಗ ಮೇಲಿನ ತೋಟಕ್ಕೆ ಮಾತ್ರ. ಸುರಂಗದ ಹತ್ತಿರ ಹೋಗದೆ ಎರಡು ಮಳೆಗಾಲ ಆಯಿತು."

ಸುರಂಗ ಏನೆಂದು ಈ ಸಭೆಗೆ ಹೇಳಬೇಕಾಗಿಲ್ಲ. ಮುರಕಲ್ಲಿನ ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದು ನೀರು ತಾನಾಗಿ ಹರಿದುಬರುವಂತೆ ಮಾಡಿದ ನಮ್ಮ ಹಿರಿಯರ ಕೆಲಸ ಅದು. ಈ ಮನುಷ್ಯ ಪ್ರತಿವರ್ಷ ಅದರೊಳಗೆ ಬಗ್ಗಿ ಹೋಗಿ ಕುಸಿದ ಮಣ್ಣನ್ನು ತಾವೇ ತೆಗೆಯುತ್ತಿದ್ದರಂತೆ. ಮೊದಲು ಅದನ್ನು ಆಳಿಗೆ ಒಪ್ಪಿಸಿದರು. ಬಳಿಕ ಕೆಳಗಿನ ತೋಟಕ್ಕೆ ಹೋಗುವುದನ್ನು ಬಿಟ್ಟರು. ರಸ್ತೆಗೆ ನಡೆಯುವ ಬದಲು ಅಂಗಳಕ್ಕೇ ರಿಕ್ಷಾ ಬರಹೇಳಿದರು. ಇದು ಯಾವುದೂ ಅವರಿಗೆ ರೋಗವೆಂದು ತೋರಲಿಲ್ಲ, ವಯಸ್ಸಾಯಿತು ಎಂದು ತೋರಿತು. ಅವರು ಸುಳ್ಳು ಹೇಳಲಿಲ್ಲ. ಮೈಗೆ ಎಷ್ಟು ಆಗುತ್ತದೋ ಅಷ್ಟಕ್ಕೆ ಬದುಕನ್ನು ಇಳಿಸಿಕೊಂಡರೆ ತೊಂದರೆ ಎಲ್ಲಿ ಕಾಣಿಸುತ್ತದೆ? ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಾನು ಕಂಡ ಅತ್ಯಂತ ದೊಡ್ಡ ಕಷ್ಟ ಇದೇ. ರೋಗಿ "ಏನೂ ಇಲ್ಲ" ಎನ್ನುತ್ತಾರೆ, ನಾವು "ಏನೂ ಇಲ್ಲ" ಎಂದು ಬರೆದುಕೊಳ್ಳುತ್ತೇವೆ.

ಇದಕ್ಕೆ ಒಂದು ಲೆಕ್ಕ ಇದೆ, ಸರಳವಾದದ್ದು. ಸುಮ್ಮನೆ ಕುಳಿತಿರುವಾಗ ನಮ್ಮ ದೇಹ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 3.5 ಮಿಲಿಲೀಟರ್ ಆಮ್ಲಜನಕ ಬಳಸುತ್ತದೆ. ಇದನ್ನು ಒಂದು ಮೆಟ್ ಎನ್ನುತ್ತೇವೆ. 60 ಕಿಲೋ ತೂಕದವರಿಗೆ ನಿಮಿಷಕ್ಕೆ 210 ಮಿಲಿಲೀಟರ್ ಆಯಿತು. ಮೆಟ್ಟಿಲು ಹತ್ತಲು ಸುಮಾರು ನಾಲ್ಕು ಮೆಟ್ ಬೇಕು ಎಂದು ಹಿಡಿಯುತ್ತೇವೆ, ಎಂದರೆ 840 ಮಿಲಿಲೀಟರ್. ಆ ಆಮ್ಲಜನಕವನ್ನು ಗಾಳಿಯಿಂದ ಎಳೆದುಕೊಳ್ಳುವುದು ಶ್ವಾಸಕೋಶ, ಹೊತ್ತು ಸಾಗುವುದು ರಕ್ತ, ನೂಕುವುದು ಹೃದಯ, ಬಳಸುವುದು ಸ್ನಾಯು. ಈ ನಾಲ್ವರಲ್ಲಿ ಒಬ್ಬರು ಸೋತರೂ ಮನುಷ್ಯ ಗುಡ್ಡೆಯ ಅರ್ಧದಲ್ಲಿ ನಿಲ್ಲುತ್ತಾನೆ.

ದೊಡ್ಡ ಶಸ್ತ್ರಚಿಕಿತ್ಸೆಯಾದ ಬಳಿಕ ದೇಹಕ್ಕೆ ಆಮ್ಲಜನಕದ ಬೇಡಿಕೆ ಹೆಚ್ಚುತ್ತದೆ. ಗಾಯ ಮಾಯಬೇಕು, ಜ್ವರ ಬಂದರೆ ಎದುರಿಸಬೇಕು, ನೋವಿನ ನಡುವೆ ಉಸಿರಾಡಬೇಕು. ಹಾಸಿಗೆಯಲ್ಲಿ ಮಲಗಿದ್ದರೂ ಅವರು ಹಲವು ದಿನ ಗುಡ್ಡೆ ಹತ್ತುತ್ತಲೇ ಇರುತ್ತಾರೆ. ಶ್ವಾಸಕೋಶಕ್ಕಂತೂ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಬೇರೆಯೇ ಪೆಟ್ಟು ಇದೆ. ಎದೆಯ ಮಧ್ಯದ ಮೂಳೆಯನ್ನು ಉದ್ದಕ್ಕೆ ಸೀಳುತ್ತಾರೆ. ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಯಂತ್ರ ವಹಿಸಿಕೊಂಡಾಗ ಶ್ವಾಸಕೋಶ ಗಾಳಿಯಿಲ್ಲದೆ ಮುದುಡಿಕೊಂಡಿರುತ್ತದೆ. ಮತ್ತೆ ಊದಿಸಿದರೂ, ಮುಖ್ಯವಾಗಿ ಎಡಗಡೆಯ ಕೆಳಭಾಗ, ಪೂರ್ತಿ ಅರಳಲು ದಿನಗಳು ಬೇಕು. ಎಚ್ಚರವಾದ ಮೇಲೆ ಕೆಮ್ಮಿದರೆ ಎದೆ ನೋಯುತ್ತದೆ, ಆದ್ದರಿಂದ ಕೆಮ್ಮುವುದಿಲ್ಲ. ಕೆಮ್ಮದಿದ್ದರೆ ಕಫ ಒಳಗೇ ಉಳಿಯುತ್ತದೆ. ನ್ಯುಮೋನಿಯಾ ಹೀಗೆ ಶುರುವಾಗುತ್ತದೆ.

ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲೇ ಆ ನಾಲ್ವರನ್ನು ಸ್ವಲ್ಪ ದುಡಿಸಿ ನೋಡಬೇಕು. ಇದಕ್ಕೆ ಅತ್ಯಂತ ನಿಖರವಾದ ಪರೀಕ್ಷೆ ಎಂದರೆ ನಿಂತಲ್ಲೇ ಇರುವ ಸೈಕಲ್. ಮುಖಕ್ಕೆ ಮಾಸ್ಕ್, ಎದೆಗೆ ಇಸಿಜಿ ತಂತಿ. ಪೆಡಲನ್ನು ನಿಮಿಷ ನಿಮಿಷಕ್ಕೆ ಬಿಗಿ ಮಾಡುತ್ತಾ, ಪ್ರತಿ ಉಸಿರಿನಲ್ಲಿ ಎಷ್ಟು ಆಮ್ಲಜನಕ ಒಳಗೆ ಹೋಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಗೆ ಬಂತು ಎಂದು ಅಳೆಯುತ್ತಾರೆ. ಒಂದು ಹಂತದಲ್ಲಿ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಲ್ಯಾಕ್ಟಿಕ್ ಆಮ್ಲ ಏರತೊಡಗುತ್ತದೆ. ಆ ತಿರುವು ಯಾವಾಗ ಬಂತೆಂಬುದು ಮುಖ್ಯ. 1993ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಂದು ಅಧ್ಯಯನ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಬಂದ 187 ಮಂದಿ ಹಿರಿಯರನ್ನು ಹೀಗೆ ಪರೀಕ್ಷಿಸಿತ್ತು. ಆಮ್ಲಜನಕದ ಬಳಕೆ ಕಿಲೋಗೆ ನಿಮಿಷಕ್ಕೆ 11 ಮಿಲಿಲೀಟರ್ ತಲುಪುವ ಮೊದಲೇ ಆ ತಿರುವು ಬಂದವರಲ್ಲಿ ಶೇಕಡಾ 18 ಮಂದಿ ತೀರಿಕೊಂಡಿದ್ದರು. ಅದಕ್ಕಿಂತ ಮೇಲಿದ್ದವರಲ್ಲಿ ಶೇಕಡಾ ಒಂದಕ್ಕೂ ಕಡಿಮೆ. ನಮ್ಮ ವೃತ್ತಿಯವರು ಯೋಚಿಸುವ ರೀತಿಯನ್ನೇ ಅದು ಬದಲಿಸಿತು.

ಆದರೆ ಆ 11ರ ಗೆರೆಯನ್ನು ಹೃದಯದ ರೋಗಿಗೆ ಹಾಗೆಯೇ ಎಳೆದು ತರುವುದು ಸರಿಯಲ್ಲ. ಅವರ ಕಸುವು ಕುಂದಿರುವುದೇ ಹೃದಯದಿಂದ ಇರಬಹುದು, ನಾವು ಸರಿಪಡಿಸಲು ಹೊರಟಿರುವುದೂ ಅದನ್ನೇ. ಕವಾಟ ಬದಲಾದ ಮೇಲೆ ಅದೇ ಮನುಷ್ಯ ಗುಡ್ಡೆ ಹತ್ತಬಹುದು. ಹಾಗಾಗಿ ಎಷ್ಟು ಕಸುವು ಇದೆ ಎಂದು ತಿಳಿದರೆ ಸಾಲದು, ತಡೆಯುತ್ತಿರುವವರು ಯಾರು ಎಂಬುದೂ ತಿಳಿಯಬೇಕು.

ಇಷ್ಟೆಲ್ಲ ಯಾಕೆ, ಅನುಭವವಿರುವ ವೈದ್ಯರು ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ನಂಬಿದ್ದೆ. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ನಾಲ್ಕು ದೇಶಗಳ 1401 ರೋಗಿಗಳ ಅಧ್ಯಯನ ಪ್ರಕಟವಾಯಿತು. ಅದು ಹೃದಯದ್ದಲ್ಲದ ದೊಡ್ಡ ಶಸ್ತ್ರಚಿಕಿತ್ಸೆಗಳ ಬಗ್ಗೆ. ವೈದ್ಯರು ಮಾತಾಡಿಸಿ ಮಾಡಿದ ಅಂದಾಜನ್ನು ಸೈಕಲ್ ಪರೀಕ್ಷೆಯ ಜೊತೆಗಿಟ್ಟು ನೋಡಿದರು. ನಾಲ್ಕು ಮೆಟ್ ತಲುಪಲಾಗದೆ ಇದ್ದವರಲ್ಲಿ ವೈದ್ಯರು ಸರಿಯಾಗಿ ಗುರುತಿಸಿದ್ದು ಶೇಕಡಾ 19 ಮಂದಿಯನ್ನು ಮಾತ್ರ. ಐವರಲ್ಲಿ ನಾಲ್ವರು ನಮ್ಮ ಕಣ್ಣು ತಪ್ಪಿಸಿದ್ದರು.

ಅದನ್ನು ಓದಿದ ದಿನ ನನಗೆ ನೆನಪಾದದ್ದು ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಂಡ ಒಬ್ಬರು. ಕಟ್ಟುಮಸ್ತಾದ ಆಳು, ನಗುಮುಖ, ಜೋರು ದನಿ. ಅವರನ್ನು ನಡೆಸಿ ನೋಡದೆ, ಶ್ವಾಸಕೋಶದ ಬಲ ತಿಳಿಯಲು ಊದಿಸಿ ನೋಡದೆ, ಹಾಳೆಯ ಮೇಲೆ "ದೈಹಿಕ ಸಾಮರ್ಥ್ಯ ಉತ್ತಮ" ಎಂದು ಬರೆದೆ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ವೆಂಟಿಲೇಟರ್ ತೆಗೆಯಲು ಒಂಬತ್ತು ದಿನ ಬೇಕಾಯಿತು. ಅವರ ಮಗಳು ಐಸಿಯು ಬಾಗಿಲಲ್ಲಿ ದಿನಾ ನನ್ನನ್ನು ಕೇಳುತ್ತಿದ್ದಳು, "ಅಪ್ಪ ಗಟ್ಟಿ ಇದ್ದಾರೆ ಎಂದು ನೀವೇ ಹೇಳಿದ್ದಿರಲ್ಲ?" ಅವರು ಗುಣವಾಗಿ ಮನೆಗೆ ಹೋದರು. ಆ ಪ್ರಶ್ನೆ ಮಾತ್ರ ನನ್ನ ಹತ್ತಿರವೇ ಉಳಿಯಿತು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮವರು ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಕಾಸರಗೋಡು ಪೇಟೆಯಿಂದಲೇ ಸುಮಾರು 50 ಕಿಲೋಮೀಟರ್. ಮನೆಯಂಗಳದಲ್ಲಿ ಜೀಪು ಹತ್ತುತ್ತಾರೆ, ಆಸ್ಪತ್ರೆಯ ಬಾಗಿಲಲ್ಲಿ ಇಳಿಯುತ್ತಾರೆ, ಅಲ್ಲಿ ಗಾಲಿಕುರ್ಚಿ ಸಿದ್ಧವಿರುತ್ತದೆ. ಪ್ರೀತಿಯಿಂದಲೇ ಕೂರಿಸುತ್ತಾರೆ, ಬೇಡವೆನ್ನಲಾರೆ. ಆದರೆ ಯಾರ ನಡಿಗೆಯನ್ನು ನೋಡಬೇಕಾಗಿತ್ತೋ ಅವರು ಕುಳಿತೇ ಬಂದು ಕುಳಿತೇ ಹೋಗುತ್ತಾರೆ. ಒಪ್ಪಿಗೆ ಪತ್ರದ ಕತೆಯೂ ಹೀಗೆಯೇ. ದಕ್ಷಿಣಕ್ಕೆ ಹೋದರೆ ಮಲಯಾಳದಲ್ಲಿ, ಉತ್ತರಕ್ಕೆ ಹೋದರೆ ಅನೇಕ ಕಡೆ ಇಂಗ್ಲಿಷಿನಲ್ಲಿ. ಕನ್ನಡ ಮಾತ್ರ ಓದಬಲ್ಲ ಅಜ್ಜಿಯಿಂದ ರುಜು ಹಾಕಿಸುವ ಮೊದಲು ಅದನ್ನು ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಮುಳ್ಳೇರಿಯದವರ ವಿಷಯಕ್ಕೆ ಮರಳುತ್ತೇನೆ. ಅವರ ಎದೆನೋವು ಸ್ಥಿರವಾಗಿತ್ತು, ಎಡಗಡೆಯ ಮುಖ್ಯ ರಕ್ತನಾಳದಲ್ಲಿ ತಡೆ ಇರಲಿಲ್ಲ, ಹಾಗಾಗಿ ನಡೆಸಿ ನೋಡಬಹುದಿತ್ತು. ಸರ್ಜನ್ ಜೊತೆ ಮಾತಾಡಿ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿದೆ. ಇದಕ್ಕೆ ಬೇಕಾದದ್ದು 30 ಮೀಟರ್ ಉದ್ದದ ಸಮತಟ್ಟು ಜಾಗ, ಎರಡು ತುದಿಗೆ ಗುರುತು, ಒಂದು ಕುರ್ಚಿ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಒಂದು ಗಡಿಯಾರ. ಓಡಬಾರದು, ತಮ್ಮ ಗತಿಯಲ್ಲಿ ಆರು ನಿಮಿಷದಲ್ಲಿ ಎಷ್ಟು ದೂರ ಹೋಗುತ್ತಾರೋ ಅಷ್ಟು. ಬಚ್ಚಿದರೆ, ಎಂದರೆ ದಣಿದರೆ, ನಿಲ್ಲಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ.

ಪಂಚೆ ಎತ್ತಿ ಕಟ್ಟಿ ಹುರುಪಿನಲ್ಲೇ ಹೊರಟರು. ಮೊದಲ ಎರಡು ಸುತ್ತು ಚೆನ್ನಾಗಿ ಹೋಯಿತು. ಮೂರನೆಯದರಲ್ಲಿ ಮಾತು ನಿಂತಿತು. ನಾಲ್ಕನೆಯದರಲ್ಲಿ ಗೋಡೆಯ ಕಂಬಿಗೆ ಕೈ ಹೋಯಿತು. ಆಮೇಲೆ ಗೋಡೆಯ ಮೇಲಿದ್ದ ಸೂಚನಾಫಲಕದ ಎದುರು ನಿಂತು ಅದನ್ನು ಓದತೊಡಗಿದರು. ಅವರ ಹೆಂಡತಿ ನನ್ನತ್ತ ನೋಡಿದರು, "ಮನೆಯಲ್ಲಿಯೂ ಹೀಗೆಯೇ. ದಾರಿಯಲ್ಲಿ ನಿಂತು ಅಡಿಕೆ ಗೊನೆ ನೋಡುತ್ತಾರೆ." ಆರು ನಿಮಿಷಕ್ಕೆ ಆದದ್ದು 285 ಮೀಟರ್. ಎದೆನೋವು ಬರಲಿಲ್ಲ. ಆದರೆ ಹೊರಡುವಾಗ 97 ಇದ್ದ ಆಮ್ಲಜನಕದ ಅಂಕಿ 90ಕ್ಕೆ ಇಳಿದಿತ್ತು. ಆ ಇಳಿತ ಕಂಡಾಗ ನನ್ನ ಅನುಮಾನ ಹೃದಯದಿಂದ ಶ್ವಾಸಕೋಶದ ಕಡೆಗೆ ತಿರುಗಿತು. ನಲವತ್ತು ವರ್ಷ ಬೀಡಿ ಸೇದಿದ ಎದೆ. ಊದಿಸಿ ನೋಡಿದರೆ, ಮೊದಲ ಒಂದು ಸೆಕೆಂಡಿನಲ್ಲಿ ಹೊರಬಿದ್ದ ಗಾಳಿ ಇರಬೇಕಾದದ್ದರ ಶೇಕಡಾ 54. ಇಷ್ಟು ದಿನ ಎಲ್ಲವನ್ನೂ ಹೃದಯದ ಲೆಕ್ಕಕ್ಕೆ ಬರೆದಿದ್ದೆವು.

ಇದನ್ನು ಕೇಳಿ ಮನೆಗೆ ಹೋಗಿ ಅಜ್ಜನನ್ನು ಆರು ನಿಮಿಷ ನಡೆಸಲು ಹೊರಡಬೇಡಿ. ಇತ್ತೀಚೆಗೆ ಹೃದಯಾಘಾತವಾದವರು, ಕುಳಿತಲ್ಲೇ ಎದೆನೋವು ಬರುವವರು, ಮಹಾಪಧಮನಿಯ ಕವಾಟ ತೀರಾ ಕಿರಿದಾಗಿ ತಲೆಸುತ್ತಿ ಬಿದ್ದವರು, ಇವರಿಗೆಲ್ಲ ಶ್ರಮದ ಪರೀಕ್ಷೆಯೇ ಅಪಾಯ. ಅವರ ವಿಷಯದಲ್ಲಿ ನಾವು ಎಕೋ (ಹೃದಯದ ಸ್ಕ್ಯಾನ್), ರಕ್ತಪರೀಕ್ಷೆ ಮತ್ತು ಮನೆಯವರ ಮಾತನ್ನು ನೆಚ್ಚಿಕೊಳ್ಳುತ್ತೇವೆ.

ಮನೆಯವರ ಮಾತು ಎಂದಾಗ ಭಾಷೆಯ ವಿಷಯವೂ ಬರುತ್ತದೆ. ಒಂದೇ ಬೆಳಗ್ಗೆ ನನ್ನ ಎದುರು ನಾಲ್ಕು ಭಾಷೆಯವರು ಕೂರುತ್ತಾರೆ. ಒಬ್ಬರು ದಮ್ಮು ಕಟ್ಟುತ್ತದೆ ಎನ್ನುತ್ತಾರೆ, ಮಲಯಾಳದವರು ಕಿತಪ್ಪು ಎನ್ನುತ್ತಾರೆ. ಆದರೆ ನಮ್ಮ ಹೆಂಗಸರಲ್ಲಿ ಹೆಚ್ಚಿನವರು ಹೇಳುವುದು "ಬಚ್ಚುತ್ತದೆ" ಎಂದು. ಹೊರಗಿನಿಂದ ಬಂದ ಕಿರಿಯ ವೈದ್ಯರು ಅದನ್ನು ಆಯಾಸ ಎಂದು ಬರೆದು ಮುಂದೆ ಹೋಗುತ್ತಾರೆ. ಎಷ್ಟೋ ಸಲ ಅದು ಆಯಾಸವಲ್ಲ, ಉಸಿರು ಸಾಲದೆ ಇರುವುದು. "ಬಚ್ಚುವುದು ಕಾಲಿಗೋ, ಎದೆಗೋ?" ಎಂದು ಇನ್ನೊಂದು ಪ್ರಶ್ನೆ ಕೇಳಿದರೆ ಸಾಕು, ಅವರೇ ಎದೆಯ ಮೇಲೆ ಕೈ ಇಟ್ಟು ತೋರಿಸುತ್ತಾರೆ.

ಹಾಗೆ ಕೈ ಇಟ್ಟು ತೋರಿಸಿದ ಒಬ್ಬ ಅಕ್ಕನ ಬಗ್ಗೆ ಹೇಳಬೇಕು. 47 ವರ್ಷ, ಬೀಡಿ ಕಟ್ಟುವ ಕೆಲಸ, ಒಂದು ದಿನವೂ ಸೇದಿದವರಲ್ಲ. ಚಿಕ್ಕಂದಿನಲ್ಲಿ ಗಂಟುನೋವಿನ ಜ್ವರ ಬಂದು ಹೃದಯದ ಮೈಟ್ರಲ್ ಕವಾಟ ಕಿರಿದಾಗಿತ್ತು. ಅವರ ಜೊತೆ ಬಂದ ಸ್ಪೈರೋಮೆಟ್ರಿ, ಎಂದರೆ ಊದಿಸಿ ನೋಡುವ ಪರೀಕ್ಷೆಯ ವರದಿಯನ್ನು ನೋಡಿದರೆ ಶ್ವಾಸಕೋಶದ ಸ್ಥಿತಿ ತೀರಾ ಕೆಟ್ಟದ್ದು. ಶಸ್ತ್ರಚಿಕಿತ್ಸೆಯೇ ಬೇಡವೇನೋ ಎಂಬಷ್ಟು. ಆದರೆ ಹಾಳೆಯ ಮೇಲಿನ ಗೆರೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಈ ಪರೀಕ್ಷೆಗೆ ಸರಿಯಾಗಿ ಊದಿದ ಮೂರು ಉಸಿರು ಬೇಕು, ಅವುಗಳಲ್ಲಿ ದೊಡ್ಡ ಎರಡರ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮತ್ತೆ ಮಾಡಿಸಿದೆ. ತಂತ್ರಜ್ಞ "ಜೋರಾಗಿ, ಜೋರಾಗಿ" ಎಂದು ಕೂಗಿದಷ್ಟೂ ಅವರು ನಾಚಿ ಮುಖ ತಗ್ಗಿಸಿದರು. ಆಗ ಅಲ್ಲಿದ್ದ ಕುಂಬಳೆ ಕಡೆಯ ನರ್ಸ್ ಹತ್ತಿರ ಬಂದು, "ಅಕ್ಕ, ಆಟಿ ತಿಂಗಳಲ್ಲಿ ಒದ್ದೆ ಸೌದೆಗೆ ಊದುಕೊಳವೆ ಹಿಡಿದು ಹೇಗೆ ಊದುತ್ತೀರಿ? ಬೆಂಕಿ ಹತ್ತುವವರೆಗೆ ಬಿಡಬೇಡಿ" ಎಂದಳು. ಅವರು ಕಣ್ಣು ಮುಚ್ಚಿ ಊದಿದರು. ಆರು ಸೆಕೆಂಡು ದಾಟಿತು. ಪರದೆಯ ಮೇಲೆ ಗೆರೆ ಚೂಪಾಗಿ ಏರಿ ನಿಧಾನಕ್ಕೆ ಇಳಿಯಿತು, ಮೂರು ಸಲವೂ ಒಂದೇ ಹಾಗೆ. ಶ್ವಾಸಕೋಶ ವರದಿಯಲ್ಲಿದ್ದಷ್ಟು ಕೆಟ್ಟಿರಲಿಲ್ಲ.

ಹಾಗಾದರೆ ಆ ಏದುಸಿರು ಎಲ್ಲಿಯದು? ಒಂದು ಪಾಲು ಕವಾಟದ್ದು. ಇನ್ನೊಂದು ಪಾಲು ರಕ್ತದ್ದು. 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 8 ಗ್ರಾಂ ಮಾತ್ರ ಇತ್ತು. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. ಹೆಂಗಸರಿಗೆ 12 ಗ್ರಾಂ ಆದರೂ ಬೇಕು, ಎಂದರೆ ಮೂರರಲ್ಲಿ ಒಂದು ಪಾಲು ಹೊರುವವರೇ ಇಲ್ಲ. ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಟ್ಟು ಕೆಲವು ವಾರ ಕಾದೆವು. ಕವಾಟದ ಶಸ್ತ್ರಚಿಕಿತ್ಸೆಗೆ ಹೋಗುವವರು ಹಲ್ಲಿನ ವೈದ್ಯರನ್ನೂ ನೋಡಿ ಬರಬೇಕು, ಎಲೆ ಅಡಿಕೆ ಹಾಕುವವರು ಮರೆಯದೆ. ಹಲ್ಲಿನ ಬುಡದ ಸೋಂಕು ರಕ್ತಕ್ಕೆ ಸೇರಿ ಹೊಸ ಕವಾಟದ ಮೇಲೆ ಕೂರಬಹುದು.

ವೈದ್ಯರು ಕಂಪ್ಯೂಟರಿನಲ್ಲಿ ಅಂಕ ಹಾಕುವುದನ್ನು ನೀವು ನೋಡಿರಬಹುದು. ಯೂರೋಸ್ಕೋರ್ ಎಂಬುದು ಅಂಥದ್ದೊಂದು. ವಯಸ್ಸು, ಮೂತ್ರಪಿಂಡ, ಹೃದಯದ ಪಂಪು, ಶ್ವಾಸಕೋಶದ ಹಳೆಯ ಕಾಯಿಲೆ ಎಲ್ಲವನ್ನೂ ಸೇರಿಸಿ ಅಪಾಯ ಎಷ್ಟು ಎಂದು ಹೇಳುತ್ತದೆ. ಉಪಯುಕ್ತವೇ. ಆದರೆ ಒಂದೇ ಅಂಕ ಬಂದ ಇಬ್ಬರು ಒಂದೇ ಹಾಗೆ ಇರುವುದಿಲ್ಲ ಎಂಬುದು ನನ್ನ ಅನುಭವ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಬಂದ 70 ದಾಟಿದ ಹಿರಿಯರನ್ನು ಕೇವಲ ಐದು ಮೀಟರ್ ನಡೆಸಿ ನೋಡಿದ್ದರು. ಆರು ಸೆಕೆಂಡು ಅಥವಾ ಹೆಚ್ಚು ತೆಗೆದುಕೊಂಡವರಿಗೆ ಸಾವು ಇಲ್ಲವೇ ದೊಡ್ಡ ತೊಡಕಿನ ಸಂಭವ ಎರಡು ಮೂರು ಪಟ್ಟು ಹೆಚ್ಚಿತ್ತು. ಐದು ಮೀಟರ್ ಎಂದರೆ ಒಂದು ಚಾವಡಿಯ ಉದ್ದ. ಅಷ್ಟರಲ್ಲಿ ಹೃದಯ, ಸ್ನಾಯು, ಮಿದುಳು, ಉಂಡ ಅನ್ನ ಎಲ್ಲವೂ ಸಾಕ್ಷಿ ಹೇಳುತ್ತವೆ.

ತಿಳಿದ ಮೇಲೆ ಮಾಡುವುದೇನು? ಶಸ್ತ್ರಚಿಕಿತ್ಸೆಗೆ ಕಾಯುವ ದಿನಗಳನ್ನು ನಮ್ಮವರು ಮಲಗಿ ಕಳೆಯುತ್ತಾರೆ. ನೆಂಟರು ಬಂದು "ಏಳಬೇಡಿ, ಏಳಬೇಡಿ" ಎನ್ನುತ್ತಾರೆ. ನನಗೆ ತುಂಬಾ ಬೇಸರ ತರುವ ವಿಷಯ ಇದು. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಬೈಪಾಸಿಗೆ ಕಾಯುತ್ತಿದ್ದ, ಶ್ವಾಸಕೋಶದ ತೊಡಕಿನ ಅಪಾಯ ಹೆಚ್ಚಿದ್ದ 279 ಮಂದಿ. ಅರ್ಧದಷ್ಟು ಜನರಿಗೆ ಉಸಿರೆಳೆಯುವ ಸ್ನಾಯುಗಳ ವ್ಯಾಯಾಮ ಕಲಿಸಿದರು, ದಿನಕ್ಕೆ 20 ನಿಮಿಷ, ಕನಿಷ್ಠ ಎರಡು ವಾರ. ಶಸ್ತ್ರಚಿಕಿತ್ಸೆಯ ಬಳಿಕ ಶ್ವಾಸಕೋಶದ ತೊಡಕು ವ್ಯಾಯಾಮ ಮಾಡದವರಲ್ಲಿ ಶೇಕಡಾ 35, ಮಾಡಿದವರಲ್ಲಿ ಶೇಕಡಾ 18. ನ್ಯುಮೋನಿಯಾ ಶೇಕಡಾ 16ರಿಂದ 6.5ಕ್ಕೆ ಇಳಿಯಿತು. ಇಷ್ಟು ಫಲ ಕೊಡುವ ಔಷಧಿ ಇದ್ದಿದ್ದರೆ ಅದಕ್ಕೆ ಎಷ್ಟು ಬೆಲೆ ಇರುತ್ತಿತ್ತು ಎಂದು ಯೋಚಿಸಿ.

ಅವರು ಬಳಸಿದ್ದು ಉಸಿರು ಎಳೆಯುವಾಗ ತಡೆ ಒಡ್ಡುವ ಸಾಧನ. ಆಸ್ಪತ್ರೆಯಲ್ಲಿ ಕೊಡುವ ಮೂರು ಚೆಂಡಿನ ಪೆಟ್ಟಿಗೆ ಅದಲ್ಲ. ಅದಕ್ಕೂ ಅದರದ್ದೇ ಕೆಲಸ ಇದೆ. ಆದರೆ ಎಷ್ಟೋ ಮನೆಗಳಲ್ಲಿ ಅದನ್ನು ಊದುತ್ತಾರೆ. ಊದುವುದಲ್ಲ, ಎಳನೀರಿಗೆ ಕೊಳವೆ ಹಾಕಿ ಹೀರುವ ಹಾಗೆ ನಿಧಾನವಾಗಿ ಎಳೆಯಬೇಕು, ಚೆಂಡು ಮೇಲೆ ಹೋದ ಮೇಲೆ ಕ್ಷಣಕಾಲ ಹಿಡಿದಿಡಬೇಕು.

ಬೀಡಿ, ಸಿಗರೇಟಿನ ಬಗ್ಗೆ ಒಂದೇ ಮಾತು. ಶಸ್ತ್ರಚಿಕಿತ್ಸೆ ಹತ್ತಿರವಿರುವಾಗ ಬಿಟ್ಟರೆ ಕಫ ಹೆಚ್ಚಿ ಕೆಡುಕಾಗುತ್ತದೆ ಎಂಬ ಹಳೆಯ ನಂಬಿಕೆಯನ್ನು ನಂಬಬೇಡಿ, ನಂತರದ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ. ಒಂದು ದಿನ ಬಿಟ್ಟರೂ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದಿದ್ದ ಇಂಗಾಲದ ಮಾನಾಕ್ಸೈಡ್ ಬಹುಪಾಲು ಹೊರಟುಹೋಗುತ್ತದೆ. ನಾಲ್ಕು ವಾರ ಮತ್ತು ಹೆಚ್ಚು ಸಿಕ್ಕಿದರೆ ಶ್ವಾಸಕೋಶಕ್ಕೇ ಲಾಭ. ಹಾಗೆಯೇ ಬಚ್ಚಲಿನ ಹಂಡೆಯೊಲೆಗೆ ಮಡಲು (ತೆಂಗಿನ ಗರಿ), ಅಡಿಕೆ ಸಿಪ್ಪೆ ತುರುಕುವ ಕೆಲಸವನ್ನು ರೋಗಿಯಿಂದ ಬಿಡಿಸಿ. ಆ ಹೊಗೆಯೂ ಹೊಗೆಯೇ.

ಮುಳ್ಳೇರಿಯದವರಿಗೆ ನಾಲ್ಕು ವಾರ ಸಮಯ ಸಿಕ್ಕಿತು. ಬೀಡಿ ನಿಂತಿತು, ಉಸಿರಿನೊಡನೆ ಎಳೆದುಕೊಳ್ಳುವ ಔಷಧಿ ಶುರುವಾಯಿತು, ಬೆಳಗ್ಗೆ ಸಂಜೆ ಅಂಗಳದಲ್ಲಿ ನಡಿಗೆ, ದಿನಕ್ಕೆ 20 ನಿಮಿಷ ಉಸಿರಿನ ವ್ಯಾಯಾಮ. ಸಹಕಾರಿ ಬ್ಯಾಂಕಿನ ಕ್ಯಾಲೆಂಡರಿನಲ್ಲಿ ಹೆಂಡತಿ ದಿನಾ ಗುರುತು ಹಾಕಿದ್ದರು. ಆ ಕ್ಯಾಲೆಂಡರನ್ನೇ ಸುತ್ತಿ ಹಿಡಿದುಕೊಂಡು ಬಂದಿದ್ದರು. ಎರಡು ದಿನ ಗುರುತು ಇರಲಿಲ್ಲ. ಯಾಕೆಂದು ಕೇಳಿದರೆ "ಜಾತ್ರೆ ಇತ್ತು" ಎಂದರು. ಮರು ಪರೀಕ್ಷೆಯಲ್ಲಿ 340 ಮೀಟರ್ ನಡೆದರು, ಒಮ್ಮೆಯೂ ನಿಲ್ಲಲಿಲ್ಲ. ಶಸ್ತ್ರಚಿಕಿತ್ಸೆಯ ಮರುದಿನ ಬೆಳಗ್ಗೆ ವೆಂಟಿಲೇಟರ್ ತೆಗೆದೆವು.

ಪರೀಕ್ಷೆಯಲ್ಲಿ ಕಡಿಮೆ ಬಂದರೆ ಶಸ್ತ್ರಚಿಕಿತ್ಸೆ ನಿರಾಕರಿಸುತ್ತೀರಾ ಎಂದು ಈಗಷ್ಟೇ ಒಬ್ಬರು ಚೀಟಿ ಕಳುಹಿಸಿದ್ದಾರೆ. ಇಲ್ಲ, ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ತಯಾರಿ ಬದಲಾಗುತ್ತದೆ, ದಿನ ಬದಲಾಗಬಹುದು. ಮಹಾಪಧಮನಿಯ ಕವಾಟವಾದರೆ ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ಹಾಕುವ ದಾರಿಯನ್ನು ಯೋಚಿಸಬಹುದು. ಕೆಲವರಿಗೆ ಬೇಡವೆಂದೇ ಹೇಳಬೇಕಾಗುತ್ತದೆ, ಅದನ್ನು ಹೇಳುವಾಗ ಮನೆಯವರ ಎದುರು ಕಾರಣವನ್ನೂ ಬಿಡಿಸಿ ಹೇಳಬೇಕು. ಏನೇ ಇದ್ದರೂ ಗೊತ್ತಿಲ್ಲದೆ ಮೇಜಿನ ಮೇಲೆ ಮಲಗಿಸುವುದಕ್ಕಿಂತ ಅದು ಮೇಲು.

ಈ ಸಭಾಂಗಣದ ನೆಲದ ಮೇಲೆ ಎರಡು ಕಡೆ ಬಿಳಿ ಟೇಪು ಅಂಟಿಸಿರುವುದನ್ನು ನೀವು ಬರುವಾಗ ನೋಡಿರಬೇಕು. ಅವುಗಳ ನಡುವೆ ಸರಿಯಾಗಿ ಐದು ಮೀಟರ್. ಚಹಾ ಆದ ಮೇಲೆ 70 ದಾಟಿದವರು ಯಾರಾದರೂ ಇಷ್ಟವಿದ್ದರೆ ನಡೆಯಬಹುದು. ಎದೆನೋವು, ತಲೆಸುತ್ತು ಇರುವವರು ಬೇಡ, ಅವರು ನನ್ನ ಹತ್ತಿರ ಬಂದು ಕುಳಿತುಕೊಳ್ಳಿ. ಅವಸರ ಮಾಡಬೇಡಿ, ಮನೆಯಲ್ಲಿ ನಡೆಯುವ ಹಾಗೆಯೇ ನಡೆಯಿರಿ, ಕೋಲು ಇದ್ದರೆ ಹಿಡಿದುಕೊಳ್ಳಿ. ಮೂರು ಸಲ ನಡೆದು ಸರಾಸರಿ ತೆಗೆಯುತ್ತೇವೆ. ನಾನು ಗಡಿಯಾರ ಹಿಡಿದು ಆ ತುದಿಯಲ್ಲಿ ನಿಂತಿರುತ್ತೇನೆ.